ವ್ಯಾನ್ ಬಿಟ್ಟು ಮನೆಯಲ್ಲೇ ಹೊಲಿಯುವ ಮುಂಚೆ



ರಾಮನಗರ, ಚನ್ನಪಟ್ಟಣ ಕಡೆಯ ಹಳ್ಳಿಗಳಿಂದ ಬೆಂಗಳೂರಿನ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗಿ ಬರುವ ಸದಸ್ಯೆಯರು ನಮ್ಮ ಸಂಘಗಳಲ್ಲಿ ಇದ್ದಾರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ, ತಲೆ ಬಾಚುವುದನ್ನು ವ್ಯಾನ್‌ನಲ್ಲಿ ಮಾಡಿಕೊಳ್ಳುವವರು. ವಾರದ ಸಭೆಯಲ್ಲಿ ಕೂತಲ್ಲೇ ತೂಕಡಿಸುತ್ತಾರೆ. ಇವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಸಿಸ್ಟರ್, ಗಾರ್ಮೆಂಟ್ಸ್ ಬಿಟ್ಟು ಮನೇಲೇ ಮಿಷಿನ್ ಹಾಕ್ಕೊಳ್ಳಲಾ? ಸಂಘದಿಂದ ಸಾಲ ಕೊಡ್ತೀರಾ?"

ಮೊದಲೆಲ್ಲ "ಧಾರಾಳವಾಗಿ ಮಾಡಮ್ಮ" ಅನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಬೇಡ ಅಂತಲೂ ಹೇಳುವುದಿಲ್ಲ. "ಬಾ, ಲೆಕ್ಕ ಬರೆಯೋಣ" ಅನ್ನುತ್ತೇನೆ.

ಇದಕ್ಕೆ ಕಾರಣ ಒಬ್ಬ ಸದಸ್ಯೆ. ಹೆಸರು ಬೇಡ. ನಾನೇ ಧೈರ್ಯ ಹೇಳಿ ಕೆಲಸ ಬಿಡಿಸಿದೆ, ಮಿಷಿನ್‌ಗೆ ಸಾಲ ಕೊಡಿಸಿದೆ. ಆಗ ಆಕೆಗೆ ನಾಲ್ಕು ವರ್ಷ ಎರಡು ತಿಂಗಳ ಸರ್ವಿಸ್ ಆಗಿತ್ತು. ಇನ್ನು ಹತ್ತು ತಿಂಗಳು ತಡೆದಿದ್ದರೆ ಗ್ರಾಚ್ಯುಟಿ ಸಿಗುತ್ತಿತ್ತು. ನಾನು ಕೇಳಲೂ ಇಲ್ಲ, ಆಕೆಗೆ ಗೊತ್ತೂ ಇರಲಿಲ್ಲ. ಪಿ.ಎಫ್. ಹಣವನ್ನೂ ತೆಗೆದು ಓವರ್‌ಲಾಕ್ ಮಿಷಿನ್ ಕೊಂಡಳು. ಮರುವರ್ಷ ಗರ್ಭಕೋಶದ ಆಪರೇಷನ್ ಆಯಿತು. ಇ.ಎಸ್.ಐ. ಇರಲಿಲ್ಲ, ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಎರಡೂ ಮಿಷಿನ್ ಹೋದವು. ಸಮಾಜಕಾರ್ಯ ಓದಿದ ನಾನು ಅಷ್ಟು ವಿಚಾರಿಸಬಾರದಿತ್ತೇ?

ಈಗ ಲೆಕ್ಕಕ್ಕೆ ಬನ್ನಿ. ತಿಂಗಳ ವೇತನ 12,000 ಎಂದು ಉದಾಹರಣೆಗೆ ಹಿಡಿಯೋಣ. ಪಿ.ಎಫ್. ನೂರಕ್ಕೆ 12ರಂತೆ 1,440 ಕಳೆಯುತ್ತದೆ. ಇ.ಎಸ್.ಐ. ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 90. ಕೈಗೆ ಬರುವುದು 10,470. ವ್ಯಾನಿಗೆ 1,200 ಕೊಟ್ಟರೆ ಉಳಿಯುವುದು 9,270. "ಇಷ್ಟು ಮನೇಲೇ ದುಡೀತೀನಿ ಬಿಡಿ ಸಿಸ್ಟರ್" ಅಂತೀರಿ. ಆದರೆ ಪಿ.ಎಫ್.ಗೆ ಹೋದ ಆ 1,440 ನಿಮ್ಮದೇ ಹಣ. ಅಷ್ಟನ್ನೇ ಮಾಲೀಕರೂ ನಿಮ್ಮ ಹೆಸರಿಗೆ ಕಟ್ಟುತ್ತಾರೆ. ಅದರಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಎರಡನ್ನೂ ಸೇರಿಸಿದರೆ 12,150. ಇದರ ಮೇಲೆ ಮನೆಯವರಿಗೂ ಸಿಗುವ ಇ.ಎಸ್.ಐ. ಚಿಕಿತ್ಸೆ. ಮನೆಯಲ್ಲಿ ದಾರ, ಹುಕ್ಕು, ಕರೆಂಟು, ರಿಪೇರಿ ಎಲ್ಲ ಕಳೆದು 12,150 ಉಳಿದರೆ ಮಾತ್ರ ಸರಿಸಮ.

ಒಂದು ಬ್ಲೌಸಿಗೆ ಖರ್ಚು ಕಳೆದು 175 ಉಳಿಯುತ್ತದೆ ಅನ್ನಿ. ತಿಂಗಳಿಗೆ 70 ಬ್ಲೌಸ್ ಬೇಕು. ಹೊಲಿಯುವ ಕೈ ನಿಮಗಿದೆ, ಸರಿ. ಆದರೆ ಹೊಲಿಸುವವರು? ಗಾರ್ಮೆಂಟ್ಸ್‌ನಲ್ಲಿ ಕಾಲರ್ ಮಾತ್ರ ಹೊಲಿದವರಿಗೆ ಬ್ಲೌಸ್ ಕಟಿಂಗ್ ಹೊಸದಾಗಿ ಕಲಿಯಬೇಕಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಮದುವೆ ಕಾಲದಲ್ಲಿ ರಾತ್ರಿಯೆಲ್ಲಾ ಹೊಲಿದರೂ ಮುಗಿಯದು. ಆಷಾಢ ಬಂತೆಂದರೆ ಮಿಷಿನ್ ಮೇಲೆ ಧೂಳು. ಆಗ ಸೀರೆಗೆ ಫಾಲ್ಸ್, ಕುಚ್ಚು, ಶಾಲೆ ಯೂನಿಫಾರ್ಮ್ ಹಿಡಿಯಬೇಕು.

ಹಾಗಂತ ವ್ಯಾನ್ ಪ್ರಯಾಣ ಸಣ್ಣ ಕಷ್ಟವಲ್ಲ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ. 26 ದಿನಕ್ಕೆ 78 ಗಂಟೆ, ಅಂದರೆ ಹೆಚ್ಚುಕಡಿಮೆ ಹತ್ತು ದಿನದ ಕೆಲಸದಷ್ಟು ಹೊತ್ತು ರಸ್ತೆಯಲ್ಲೇ ಹೋಗುತ್ತದೆ. ಮಕ್ಕಳ ಮುಖವನ್ನು ನಿದ್ದೆಯಲ್ಲೇ ನೋಡುವ ತಾಯಂದಿರಿಗೆ ಈ 78 ಗಂಟೆಗೆ ಬೆಲೆ ಕಟ್ಟಲಾದೀತೇ? ನಷ್ಟವಾದರೂ ಸರಿ ಎಂದು ತಿಳಿದೇ ಬಿಡುವವರನ್ನು ನಾನು ತಡೆಯುವುದಿಲ್ಲ.

ಆದರೆ ಉಳಿದ ಆ ಹೊತ್ತು ಯಾರ ಪಾಲಾಗುತ್ತದೆ ಎಂದೂ ನೋಡಬೇಕು. "ಮನೇಲೇ ಇದ್ದೀಯಲ್ಲ" ಅನ್ನುವ ಒಂದು ಮಾತು ಸಾಕು. ದನಕ್ಕೆ ಹುಲ್ಲು, ರೇಷನ್ ಕ್ಯೂ, ಅತ್ತೆಯ ಕಾಲು ನೋವು, ನಾದಿನಿಯ ಬಾಣಂತನ ಎಲ್ಲವೂ ನಿಮ್ಮ ಮೇಲೆ ಬೀಳುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವಾಗ ತಾನೇ ಟೀ ಕಾಯಿಸಿಕೊಳ್ಳುತ್ತಿದ್ದ ಗಂಡ, ಹೆಂಡತಿ ಮನೆಯಲ್ಲಿದ್ದಾಳೆಂದು ಕೂತಲ್ಲಿಂದಲೇ ಕೂಗುತ್ತಾನೆ. ಆದ್ದರಿಂದ ಮಿಷಿನ್ ತರುವ ಮೊದಲೇ ಮನೆಯವರ ಮುಂದೆ ಮಾತಾಡಿರಿ: ಹತ್ತರಿಂದ ಒಂದು, ಎರಡರಿಂದ ಐದು ನನ್ನ ಡ್ಯೂಟಿ. ಇದನ್ನು ಬರೆದು ಗೋಡೆಗೆ ಅಂಟಿಸಿದವರು ನಮ್ಮಲ್ಲಿದ್ದಾರೆ. ಮೊದಲು ನಕ್ಕರಂತೆ, ಆಮೇಲೆ ರೂಢಿಯಾಯಿತಂತೆ.

ಬಿಡುವುದೇ ಖಚಿತವಾದರೆ, ಸೇರಿದ ತಾರೀಖು ನೋಡಿಕೊಳ್ಳಿ. ಕಾಯಂ ಕೆಲಸದವರಿಗೆ ಐದು ವರ್ಷ ತುಂಬಿದರೆ, ವೇತನವನ್ನು 26ರಿಂದ ಭಾಗಿಸಿ, 15ರಿಂದ ಮತ್ತು ವರ್ಷಗಳಿಂದ ಗುಣಿಸಿದಷ್ಟು ಗ್ರಾಚ್ಯುಟಿ ಬರುತ್ತದೆ. 12,000ಕ್ಕೆ ಅದು ಸುಮಾರು 34,600. ಪಿ.ಎಫ್. ಹಣ ತೆಗೆಯಬೇಡಿ, ಯು.ಎ.ಎನ್. ನಂಬರ್ ಜೋಪಾನ ಮಾಡಿ. ಮುಂದೆ ಬೇರೆಡೆ ಸೇರಿದರೆ ಹಳೆಯ ಸರ್ವಿಸ್ ಕೂಡಿಕೊಳ್ಳುತ್ತದೆ, ಹತ್ತು ವರ್ಷವಾದರೆ ಪಿಂಚಣಿಗೆ ಅರ್ಹರು. 2021ರಲ್ಲಿ ಶುರುವಾದ ಇ-ಶ್ರಮ್‌ನಲ್ಲಿ ಹೆಸರು ಬರೆಸಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿ. ಅಪಘಾತದಲ್ಲಿ ಪ್ರಾಣ ಹೋದರೆ ಮನೆಯವರಿಗೆ 2 ಲಕ್ಷ ಬರುತ್ತದೆ.

ಏಜೆಂಟರ ಪೀಸ್ ಕೆಲಸ ತರುವವರು ಎಷ್ಟು ಪೀಸು, ಏನು ರೇಟು ಎಂದು ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ದಕ್ಷಿಣ ಕನ್ನಡದ ಬೀಡಿ ಕಟ್ಟುವ ಅಕ್ಕಂದಿರು ಮನೆಯಲ್ಲೇ ಕೂತು ಕೆಲಸ ಮಾಡಿದರೂ, 1966ರ ಬೀಡಿ ಕಾಯ್ದೆ ಅವರನ್ನು ಕಾರ್ಮಿಕರೆಂದೇ ಲೆಕ್ಕಕ್ಕೆ ಹಿಡಿಯಿತು. ಪುಸ್ತಕ ಇದ್ದವರಿಗೆ ಪಿ.ಎಫ್. ಕೇಳಲು ಆಧಾರವಿತ್ತು.

ಇನ್ನೊಂದು ದಾರಿಯೂ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಶಿಫ್ಟಿಗೆ ಬಸ್ ಹೊಂದಿದರೆ ವ್ಯಾನ್ ದುಡ್ಡು ಉಳಿಯುತ್ತದೆ. ಐದು ವರ್ಷ ತುಂಬುವ ತನಕ ಹಾಗೆ ಹೋಗಿ ಬಂದು, ಭಾನುವಾರ ಕಟಿಂಗ್ ಕಲಿತು ಗಿರಾಕಿ ಹಿಡಿಯಬಹುದು.

ಮುಂದಿನ ಸಭೆಗೆ ಗಾರ್ಮೆಂಟ್ಸ್‌ನವರು ಸಂಬಳದ ಚೀಟಿ ತನ್ನಿ, ಮನೆಯಲ್ಲಿ ಹೊಲಿಯುವವರು ಹೋದ ತಿಂಗಳ ಲೆಕ್ಕ ತನ್ನಿ. ಪ್ರತಿನಿಧಿಗಳು ಕ್ಯಾಲ್ಕುಲೇಟರ್ ಮರೆಯಬೇಡಿ.