ಗ್ಯಾಸಿಗೂ ಪರ್ಮಿಟ್ ಬೇಕು

ಲೈಸೆನ್ಸ್ ಮಾಡಿಸಿಯೇ ಕರೋಶಿಯಲ್ಲಿ ಎಸಿ ಅಂಗಡಿ ಹಾಕಬೇಕೆಂದು ಹೊರಟ ನನಗೆ ಮೊದಲು ತಿಳಿದದ್ದು, ಎಸಿ ಕೆಲಸದ್ದೇ ಆದ ಲೈಸೆನ್ಸ್ ನಮ್ಮಲ್ಲಿ ಇಲ್ಲ ಎಂಬುದು. ಕೈಕೆಲಸಕ್ಕೆ ಐಟಿಐನ ಎರಡು ವರ್ಷದ ಕೋರ್ಸಿದೆ, ಅಂಗಡಿಗೆ ಪಂಚಾಯಿತಿಯ ಕಾಗದವಿದೆ. ಕಾನೂನು ಬಿಗಿಯಾಗಿರುವುದು ವೈರಿಂಗಿನಲ್ಲಿ ಮಾತ್ರ. ಅದಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಗುತ್ತಿಗೆದಾರ ಲೈಸೆನ್ಸ್ ಬೇಕು, ಕೆಲಸ ಮಾಡುವವರಿಗೂ ಮಾಡಿಸುವವರಿಗೂ ಪರ್ಮಿಟ್ ಬೇಕು.

ಆ ಲೈಸೆನ್ಸಿಗಾಗಿ ಓದಿದ್ದು ವ್ಯರ್ಥವಾಗಲಿಲ್ಲ. ಒಂದೂವರೆ ಟನ್ನಿನ ಎಸಿಗೆ ಫ್ಯಾನಿನ ಲೈನಿನಿಂದ ವೈರ್ ಎಳೆಯಬಾರದು, ಅದಕ್ಕೆ ಬೇರೆಯದೇ ಎಂಸಿಬಿ ಇರಬೇಕು, ಅರ್ಥಿಂಗ್ ಇದೆ ಎಂಬ ಮಾತು ನಂಬದೆ ಅಳೆದೇ ನೋಡಬೇಕು. ಇಷ್ಟೆಲ್ಲ ಕೇಳಿದ ಪರೀಕ್ಷಕರು ಎಸಿಯೊಳಗಿನ ಗ್ಯಾಸಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಮೆರಿಕದಲ್ಲಿ ಗ್ಯಾಸಿನ ಲೈನು ಬಿಚ್ಚುವವನು ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಲೇಬೇಕು.

ಮೊದಲು ಎಸಿಗಳಲ್ಲಿ ಎಲ್ಲೆಡೆ ಆರ್-22 ಗ್ಯಾಸ್ ಇತ್ತು. ಅದಕ್ಕೆ ಬೆಂಕಿ ಹತ್ತುವುದಿಲ್ಲ, ಆದರೆ ಓಝೋನ್ ಪದರಕ್ಕೆ ಕೇಡು. ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ಅದರ ಬಳಕೆ ಬಹುಪಾಲು ನಿಲ್ಲಬೇಕಾಗಿದೆ. ಅದರ ಜಾಗಕ್ಕೆ ಬಂದ ಆರ್-32 ಮೆಲ್ಲಗೆ ಉರಿಯುತ್ತದೆ. ಕೆಲವು ಎಸಿಗಳಲ್ಲಿರುವ ಆರ್-290 ಎಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ಬಳಗದ್ದೇ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಆರ್-290ಕ್ಕೆ ಬೆರೆಸಿರುವುದಿಲ್ಲ. ದೊಡ್ಡ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಸೋರಿದರೆ ಬಾಗಿಲಲ್ಲೇ ಮೂಗು ಹೇಳುತ್ತದೆ. ಮಲಗುವ ಕೋಣೆಯಲ್ಲಿ ಆರ್-290 ಸೋರಿದರೆ ಹೇಳುವವರು ಯಾರು?

ನಿಪ್ಪಾಣಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು: 'ತಮ್ಮಾ, ಔಟ್‌ಡೋರಿನ ಮ್ಯಾಲಿನ ಪಟ್ಟಿ ಓದಲಾರದ ಪಾನಾ ಹಚ್ಚಬ್ಯಾಡ.' ಯಾವ ಗ್ಯಾಸು, ಎಷ್ಟು ಗ್ರಾಮು ಎಂಬುದು ಆ ಪಟ್ಟಿಯಲ್ಲೇ ಇರುತ್ತದೆ. ಅದನ್ನು ಓದದೆ ಅಂದಾಜಿನ ಮೇಲೆ ಗ್ಯಾಸ್ ತುಂಬುವವರನ್ನು ಇಂದಿಗೂ ಕಾಣುತ್ತೇನೆ. ಅದಕ್ಕಿಂತ ಭಯಾನಕವಾದ ರೂಢಿ ಮತ್ತೊಂದಿದೆ. ಸೋರಿಕೆ ನೋಡಲು ನೈಟ್ರೋಜನ್ ಬದಲು ವೆಲ್ಡಿಂಗಿನ ಆಕ್ಸಿಜನ್ ಹಾಯಿಸುತ್ತಾರೆ. ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಎಣ್ಣೆಗೆ ತಾಗಿದರೆ ಸ್ಫೋಟವಾಗಬಹುದು. ನೈಟ್ರೋಜನ್ ಸಿಲಿಂಡರ್ ಹೊತ್ತು ತರುವ ಖರ್ಚು ಉಳಿಸಲು ಜೀವವನ್ನೇ ಒತ್ತೆ ಇಡುವ ಕೆಲಸವಿದು.

ತರಬೇತಿ ಇಲ್ಲವೆಂದಲ್ಲ. 2019ರ ಭಾರತ ಕೂಲಿಂಗ್ ಕ್ರಿಯಾ ಯೋಜನೆ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತ್ತು. ಆದರೆ ಆ ಪತ್ರವಿಲ್ಲದವನೂ ನಾಳೆ ಬೆಳಿಗ್ಗೆ ಗ್ಯಾಸ್ ತುಂಬಲು ಹೋಗಬಹುದು. ವೈರಿಗೆ ಪರ್ಮಿಟ್ ಕೇಳುವ ಸರ್ಕಾರ ಉರಿಯುವ ಗ್ಯಾಸಿಗೂ ಕೇಳಬೇಕು.

ಅಲ್ಲಿಯವರೆಗೆ ಗಿರಾಕಿಯೇ ಕೇಳಬೇಕು. ಮೆಕ್ಯಾನಿಕ್ ವ್ಯಾಕ್ಯೂಮ್ ಪಂಪ್ ತಂದಿದ್ದಾನೆಯೇ, ತೂಕದ ಕಾಟಾ ಇದೆಯೇ, ಬೆಸುಗೆಯ ಟಾರ್ಚ್ ಹಚ್ಚುವ ಮೊದಲು ಕೋಣೆಯ ಕಿಟಕಿ ತೆಗೆಯುತ್ತಾನೆಯೇ? ಮೊನ್ನೆ ರಾಯಬಾಗದ ಅಕ್ಕನೊಬ್ಬರು ಈ ಮೂರನ್ನೂ ಕೇಳಿಯೇ ನನ್ನನ್ನು ಒಳಗೆ ಬಿಟ್ಟರು. ನನಗೆ ಬಹಳ ಸಂತೋಷವಾಯಿತು.