ಹಿಂದಿನ ಕೋಣೆಗೂ ವೈಫೈ ತಲುಪಬೇಕಾದರೆ

ಮಕ್ಕಳೇ, ವೈಫೈ ಇರುವ ಮನೆಗಳಲ್ಲಿ ಇದನ್ನು ನೀವು ಗಮನಿಸಿರಬಹುದು. ಹಜಾರದಲ್ಲಿ ವಿಡಿಯೊ ಪಾಠ ಸರಾಗವಾಗಿ ಓಡುತ್ತದೆ. ಅದೇ ಮೊಬೈಲನ್ನು ಅಡುಗೆಮನೆಗೆ ಒಯ್ದರೆ ಚಿತ್ರ ನಿಂತುಬಿಡುತ್ತದೆ. "ಹೊಸ ರೂಟರ್ ತರೋಣ" ಎಂದು ದೊಡ್ಡವರು ಹೇಳುತ್ತಾರೆ. ಹಣ ಖರ್ಚು ಮಾಡುವ ಮೊದಲು ಕಾರಣ ತಿಳಿಯಬೇಕಲ್ಲವೇ?

ಗೋಡೆ ಏನು ಮಾಡುತ್ತದೆ?

ರೂಟರ್ ತಂತಿಯಲ್ಲಿ ಬಂದ ಮಾಹಿತಿಯನ್ನು ರೇಡಿಯೊ ತರಂಗಗಳ ಮೂಲಕ ಮೊಬೈಲಿಗೆ ಕಳಿಸುವ ಪೆಟ್ಟಿಗೆ. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಬಗೆಯ ತರಂಗಗಳು. 2.4 ಗಿಗಾಹರ್ಟ್ಸ್ ತರಂಗ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ. 5 ಗಿಗಾಹರ್ಟ್ಸ್ ತರಂಗ ಸೆಕೆಂಡಿಗೆ 500 ಕೋಟಿ ಸಲ ಕಂಪಿಸುತ್ತದೆ. ಎರಡರ ವೇಗವೂ ಬೆಳಕಿನ ವೇಗವೇ, ಅಂದರೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ವೇಗವನ್ನು ಕಂಪನಗಳ ಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದ ಸಿಗುತ್ತದೆ. 30 ಅನ್ನು 240ರಿಂದ ಭಾಗಿಸಿ: 0.125 ಮೀಟರ್, ಅಂದರೆ 12.5 ಸೆಂ.ಮೀ. ಎರಡನೆಯದರ ಉದ್ದ 6 ಸೆಂ.ಮೀ.

ಉದ್ದ ತರಂಗ ಗೋಡೆಯನ್ನು ಸ್ವಲ್ಪ ಸುಲಭವಾಗಿ ದಾಟುತ್ತದೆ. ಗಿಡ್ಡ ತರಂಗ ಹೆಚ್ಚು ಮಾಹಿತಿಯನ್ನು ಬೇಗ ಸಾಗಿಸುತ್ತದೆ, ಆದರೆ ಗೋಡೆಗಳಲ್ಲಿ ಬೇಗ ಕುಂದುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟು, ಫ್ರಿಜ್ಜು, ಬೀರು, ನೀರಿನ ತೊಟ್ಟಿ, ಇವೆಲ್ಲ ತರಂಗವನ್ನು ತಡೆಯುತ್ತವೆ. ಆದ್ದರಿಂದ ಮೊದಲು ರೂಟರನ್ನು ಮನೆಯ ನಡುವೆ, ಎದೆಯ ಎತ್ತರದಲ್ಲಿ, ತೆರೆದ ಜಾಗದಲ್ಲಿಟ್ಟು ನೋಡಬೇಕು. ಇದಕ್ಕೆ ಖರ್ಚಿಲ್ಲ.

ಮಾಡಿ ನೋಡಿ

ದೊಡ್ಡವರ ಒಪ್ಪಿಗೆ ಪಡೆದು ಒಂದು ಮೊಬೈಲಿನಲ್ಲಿ ಹಾಟ್‌ಸ್ಪಾಟ್ ತೆರೆಯಿರಿ. ಇನ್ನೊಂದು ಮೊಬೈಲನ್ನು ಅದಕ್ಕೆ ಜೋಡಿಸಿ. ಐದೈದು ಹೆಜ್ಜೆ ದೂರ ಸರಿಯುತ್ತಾ ವೈಫೈ ಗುರುತಿನಲ್ಲಿ ಎಷ್ಟು ಗೆರೆಗಳಿವೆ ಎಂದು ಬರೆದುಕೊಳ್ಳಿ. ನಂತರ ನಡುವೆ ಒಂದು ಗೋಡೆ ಬರುವಂತೆ ನಿಲ್ಲಿ. ಕೊನೆಗೆ ಮೊದಲನೆಯ ಮೊಬೈಲನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಗೆರೆಗಳು ಏನಾದವು?

ಬಲೆಯಂಥ ಜಾಲ

ಜಾಗ ಬದಲಿಸಿದರೂ ಸಾಲದಿದ್ದರೆ ಮೆಶ್ ಉಪಾಯವಿದೆ. ಮೆಶ್ ಎಂದರೆ ಬಲೆ. ತಾರಸಿ ಹಾಕುವಾಗ ಕೆಲಸಗಾರರು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ? ಮೆಶ್ ರೂಟರುಗಳೂ ಹಾಗೆಯೇ ಮಾಹಿತಿಯನ್ನು ದಾಟಿಸುತ್ತವೆ. ಬಲೆಯ ಒಂದು ದಾರ ಹರಿದರೂ ಬಲೆ ಉಳಿಯುವಂತೆ, ಹಲವು ಪೆಟ್ಟಿಗೆಗಳಿರುವಲ್ಲಿ ಒಂದು ಕೆಟ್ಟರೆ ಮಾಹಿತಿ ಬೇರೆ ದಾರಿ ಹಿಡಿಯುತ್ತದೆ.

ಒಂದು ಮಾತು ನೆನಪಿರಲಿ. ಬಾಂಡಲಿ ಕೊಡುತ್ತಿರುವ ಕೈ ಅದೇ ಕ್ಷಣ ಇನ್ನೊಂದನ್ನು ಪಡೆಯಲಾರದು. ಒಂದೇ ರೇಡಿಯೊ ಇರುವ ಅಗ್ಗದ ಪೆಟ್ಟಿಗೆಯೂ ಹಾಗೆಯೇ. ಪ್ರತಿ ಬಾರಿ ದಾಟಿಸುವಾಗ ವೇಗ ಸುಮಾರು ಅರ್ಧವಾಗುತ್ತದೆ. ಎರಡು ರೇಡಿಯೊ ಇದ್ದರೆ ಒಂದರಲ್ಲಿ ಪಡೆದು ಇನ್ನೊಂದರಲ್ಲಿ ಕೊಡಬಹುದು. ಪೆಟ್ಟಿಗೆಗಳ ನಡುವೆ ತಂತಿ ಎಳೆದರೆ ಇನ್ನೂ ಉತ್ತಮ. ಎರಡನೆಯ ಪೆಟ್ಟಿಗೆಯನ್ನು ಸಿಗ್ನಲ್ ಸಿಗದ ಮೂಲೆಯಲ್ಲಿ ಇಡಬಾರದು. ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು.

ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ 2005ರ ಫೆಬ್ರುವರಿಯಲ್ಲಿ ಬೆಟ್ಟಗಳ ನಡುವೆ ಇಂಥ ಮೆಶ್ ಜಾಲ ಆರಂಭವಾಯಿತು. ಅದರಲ್ಲಿ ಬಳಸಿದ್ದು ಮನೆಬಳಕೆಯ ಅಗ್ಗದ ರೂಟರನ್ನೇ. ಅದರ ಹೆಸರು ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ. ಮನೆಯ ಪೆಟ್ಟಿಗೆ ಬೆಟ್ಟದ ಕೆಲಸ ಕಲಿತದ್ದು ಹೇಗೆ? ಒಳಗಿನ ತಂತ್ರಾಂಶವನ್ನು ಬದಲಿಸಿದ್ದರಿಂದ!

ಪೆಟ್ಟಿಗೆಯ ಒಳಗಿನ ಆಜ್ಞೆಗಳು

ರೂಟರ್ ಏನು ಮಾಡಬೇಕೆಂದು ಹೇಳುವ, ಅದರೊಳಗೇ ಉಳಿಯುವ ತಂತ್ರಾಂಶವೇ ಫರ್ಮ್‌ವೇರ್. 2002ರಲ್ಲಿ ಮಾರುಕಟ್ಟೆಗೆ ಬಂದ ಆ ರೂಟರಿನ ಫರ್ಮ್‌ವೇರಿನಲ್ಲಿ ಲಿನಕ್ಸ್ ಇರುವುದು ಆಮೇಲೆ ಗೊತ್ತಾಯಿತು. ಲಿನಕ್ಸನ್ನು ಬಳಸಿ ಸಾಧನ ಮಾರುವವರು ಅದರ ಮೂಲ ಸಂಕೇತವನ್ನು ಕೊಳ್ಳುವವರಿಗೆ ಕೊಡಬೇಕೆಂಬ ನಿಯಮವಿದೆ. ಅದರಂತೆ ಕಂಪನಿ 2003ರಲ್ಲಿ ಸಂಕೇತವನ್ನು ಪ್ರಕಟಿಸಿತು. ಅದನ್ನು ಓದಿ ಉತ್ತಮಪಡಿಸಿದವರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಫರ್ಮ್‌ವೇರ್ ಹುಟ್ಟಿತು. ಅದು ಇಂದು ನೂರಾರು ಮಾದರಿಗಳಲ್ಲಿ ನಡೆಯುತ್ತದೆ.

ಇದರಿಂದ ಏನು ಲಾಭ? ಕೆಲವು ವರ್ಷಗಳ ನಂತರ ತಯಾರಕರು ಹಳೆಯ ರೂಟರಿಗೆ ತಿದ್ದುಪಡಿ ಕಳಿಸುವುದನ್ನು ನಿಲ್ಲಿಸುತ್ತಾರೆ. ಆಗ ಅದರಲ್ಲಿರುವ ದೋಷಗಳು ಕಳ್ಳರಿಗೆ ಬಾಗಿಲಾಗುತ್ತವೆ. ಹೊಸ ಫರ್ಮ್‌ವೇರ್ ಹಾಕಿದರೆ ಚೆನ್ನಾಗಿರುವ ಪೆಟ್ಟಿಗೆ ಇನ್ನಷ್ಟು ಕಾಲ ಸುರಕ್ಷಿತವಾಗಿ ದುಡಿಯುತ್ತದೆ. ಹಣ ಉಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ.

ಕೊಳ್ಳುವ ಮುನ್ನ

1. ಮಾದರಿಯ ಹೆಸರಷ್ಟೇ ಸಾಲದು. ತಳದ ಚೀಟಿಯಲ್ಲಿರುವ 'ವಿ1', 'ವಿ2' ಎಂಬ ಸಂಖ್ಯೆಯನ್ನೂ ಓದಿ. ಡಬ್ಲ್ಯುಆರ್‌ಟಿ54ಜಿಯ 5ನೇ ರೂಪದಲ್ಲಿ ಶೇಖರಣೆಯನ್ನು 4 ಮೆಗಾಬೈಟಿನಿಂದ 2ಕ್ಕೆ ಇಳಿಸಲಾಗಿತ್ತು. ಹೆಸರು ಅದೇ, ಒಳಗೆ ಬೇರೆ!
2. ಆ ಮಾದರಿ ಓಪನ್‌ಡಬ್ಲ್ಯುಆರ್‌ಟಿಯ ಪಟ್ಟಿಯಲ್ಲಿದೆಯೇ, ಮೆಶ್‌ಗೆ ಒಗ್ಗುತ್ತದೆಯೇ ನೋಡಿ.
3. ಈಗ 16 ಮೆಗಾಬೈಟ್ ಶೇಖರಣೆ, 128 ಮೆಗಾಬೈಟ್ ರ‍್ಯಾಮ್ ಇದ್ದರೆ ಒಳ್ಳೆಯದು.
4. ಎರಡೂ ತರಂಗಗಳಿಗೆ ಬೇರೆ ಬೇರೆ ರೇಡಿಯೊ ಇರಲಿ.

ಎಚ್ಚರಿಕೆ: ಬೇರೆ ಮಾದರಿಯ ಫರ್ಮ್‌ವೇರ್ ಹಾಕಿದರೆ, ಅಥವಾ ಹಾಕುವಾಗ ಕರೆಂಟು ಹೋದರೆ, ರೂಟರ್ ಇಟ್ಟಿಗೆಯಂತೆ ನಿಶ್ಚಲವಾಗಬಹುದು. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆ ಕಂಪನಿಯದು, ಅದನ್ನು ಬದಲಿಸಬೇಡಿ. ತಿಳಿದವರು ಜೊತೆಗಿದ್ದಾಗ ಮಾತ್ರ ಈ ಕೆಲಸಕ್ಕೆ ಕೈಹಾಕಿ.

ಯೋಚಿಸಿ, ಉತ್ತರಿಸಿ

1. ರೂಟರಿನ ಬಳಿ ವೇಗ 40 ಇದೆ. ಒಂದೇ ರೇಡಿಯೊ ಇರುವ ಎರಡು ಪೆಟ್ಟಿಗೆಗಳನ್ನು ದಾಟಿ ಬಂದರೆ ಸುಮಾರು ಎಷ್ಟು ಉಳಿಯುತ್ತದೆ?
2. ನಿಮ್ಮ ಶಾಲೆಯ ನಕ್ಷೆ ಬರೆಯಿರಿ. ಒಂದೇ ರೂಟರ್ ಇದ್ದರೆ ಎಲ್ಲಿಡುವಿರಿ? ಎರಡನೆಯದು ಬೇಕೇ? ಏಕೆ?