ಶಾಲೆಯಲ್ಲಿ ನಿಮಗೂ ಒಂದು ಕುರ್ಚಿ ಇದೆ

ಜೂನ್ ಬಂತೆಂದರೆ ಪೋಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಟಿಸಿ ತಂದಿಲ್ಲ, ಅದಕ್ಕೇ ಮಗೂನ ಸೇರಿಸ್ಕೊಳ್ಳಲ್ಲ ಅಂತಾರೆ. ಏನ್ ಮಾಡೋದು?" ಕೇಳುವವರು ಹೆಚ್ಚಾಗಿ ದುಡಿಮೆಗಾಗಿ ಊರು ಬಿಟ್ಟವರು. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರು, ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಲ್ಲಿ ಉಳಿದವರು, ಕಬ್ಬಿನ ಕಟಾವಿಗೆ ಗ್ಯಾಂಗ್ ಕಟ್ಟಿಕೊಂಡು ಹೋದವರು. ಅವರಿಗೆ ಹೇಳುವ ಉತ್ತರದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಟಿಸಿ (ವರ್ಗಾವಣೆ ಪ್ರಮಾಣಪತ್ರ) ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಮಗು ಮೊದಲು ತರಗತಿಯಲ್ಲಿ ಕೂರಬೇಕು, ಕಾಗದ ಆಮೇಲೆ ಬರಲಿ. ಜನನ ಪ್ರಮಾಣಪತ್ರ ಇಲ್ಲವೆಂದಾಗಲೀ ದಾಖಲಾತಿಯ ದಿನ ಮುಗಿದಿದೆ ಎಂದಾಗಲೀ ಬಾಗಿಲು ಹಾಕುವಂತಿಲ್ಲ. ಎರಡು ವರ್ಷ ಶಾಲೆ ತಪ್ಪಿಸಿಕೊಂಡ ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಪುಟಾಣಿಗಳ ಜೊತೆ ಕೂರಿಸಿ ನಾಚಿಸುವ ಹಾಗೂ ಇಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ತಪ್ಪಿಹೋದ ಪಾಠವನ್ನು ವಿಶೇಷ ತರಬೇತಿ ಕೊಟ್ಟು ಕಲಿಸಬೇಕು.

ಇದು ಯಾವ ಮುಖ್ಯ ಶಿಕ್ಷಕರ ಔದಾರ್ಯವೂ ಅಲ್ಲ. 2009ರಲ್ಲಿ ಸಂಸತ್ತು ಒಪ್ಪಿದ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇಷ್ಟೂ ಬರೆದಿದೆ.

ಈ ಹಕ್ಕಿನ ಕಥೆಯಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. 1989ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕ ನಿಗದಿ ಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಅದರಾಚೆ ರಾಜ್ಯದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಕಾಲೇಜೊಂದರಲ್ಲಿ ಸೀಟು ಕೇಳಿದ್ದ ಉತ್ತರ ಪ್ರದೇಶದ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಎಂದು ಹೆಸರಾದ ಆ ಪ್ರಕರಣದಲ್ಲಿ, 1992ರಲ್ಲಿ, ಶಿಕ್ಷಣವೂ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು 14 ವರ್ಷದವರೆಗಿನ ಮಕ್ಕಳ ಮೂಲಭೂತ ಹಕ್ಕೆಂದು ಖಚಿತಪಡಿಸಿತು. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ, 21ಎ ವಿಧಿಯಲ್ಲಿ 6ರಿಂದ 14 ವಯಸ್ಸಿನ ಪ್ರತಿ ಮಗುವಿಗೂ ಈ ಹಕ್ಕು ಸಿಕ್ಕಿತು. ಅದೇ ತಿದ್ದುಪಡಿ ಮಕ್ಕಳಿಗೆ ಓದುವ ಅವಕಾಶ ಮಾಡಿಕೊಡುವುದನ್ನು ತಂದೆತಾಯಿಯ ಮೂಲಭೂತ ಕರ್ತವ್ಯವನ್ನಾಗಿಯೂ ಮಾಡಿತು. ಮಗುವನ್ನು ದನ ಕಾಯಲು, ತಮ್ಮನನ್ನು ಆಡಿಸಲು ಮನೆಯಲ್ಲಿ ನಿಲ್ಲಿಸಿಕೊಂಡಾಗ ನಾವು ಪಾಲಿಸದೆ ಬಿಡುವುದು ಆ ಕರ್ತವ್ಯವನ್ನು.

ಪೋಷಕರು ಹೆಚ್ಚು ಕೇಳದಿರುವ, ಆದರೆ ಕೇಳಲೇಬೇಕಾದ ಸಂಗತಿ ಹೊಡೆತದ್ದು. "ಸರ್, ನಾಲ್ಕು ಬಿಗಿದರೂ ಪರವಾಗಿಲ್ಲ, ಓದು ಬಂದರೆ ಸಾಕು" ಎಂದು ಶಿಕ್ಷಕರ ಕೈಗೆ ಬೆತ್ತ ಕೊಡುವವರು ಇಂದಿಗೂ ಇದ್ದಾರೆ. ಆ ಅನುಮತಿ ಕೊಡುವ ಅಧಿಕಾರ ನಿಮಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತು ಕ್ರಮವಾಗಬೇಕು. ಮಾನಸಿಕ ಕಿರುಕುಳ ಎಂಬ ಮಾತು ನನಗೆ ಬಹಳ ಮುಖ್ಯ ಅನಿಸುತ್ತದೆ. ಜಾತಿ ಎತ್ತಿ ಆಡುವುದು, ದಡ್ಡನೆಂದು ತರಗತಿಯ ಮುಂದೆ ನಿಲ್ಲಿಸುವುದು, ಫೀಸು ಕಟ್ಟಿಲ್ಲವೆಂದು ಪರೀಕ್ಷೆಯ ದಿನ ಹೊರಗೆ ಕೂರಿಸುವುದು, ಇವು ಬೆನ್ನ ಮೇಲೆ ಬಾಸುಂಡೆ ಮೂಡಿಸುವುದಿಲ್ಲ. ಮಗು ಮನೆಯಲ್ಲಿ ಹೇಳುವುದೂ ಇಲ್ಲ. ಬೆಳಿಗ್ಗೆ ಎದ್ದು ಹೊಟ್ಟೆನೋವು ಅನ್ನುತ್ತದೆ, ಅಷ್ಟೆ. ಶಾಲೆಯ ದಿನ ಮಾತ್ರ ಬಂದು ಭಾನುವಾರ ಬಾರದ ಹೊಟ್ಟೆನೋವನ್ನು ನಾಟಕ ಎನ್ನಬೇಡಿ. ಪಕ್ಕ ಕೂತು ಕೇಳಿ.

ಖಾಸಗಿ ಶಾಲೆಗೆ ಕಳಿಸುವವರು ಇದೆಲ್ಲ ಸರ್ಕಾರಿ ಶಾಲೆಯ ಮಾತೆಂದು ಪುಟ ತಿರುವಬಾರದು. 17ನೇ ಸೆಕ್ಷನ್ ಖಾಸಗಿ ಶಾಲೆಗಳಿಗೂ ಅನ್ವಯ. ಎಂಟನೇ ತರಗತಿ ಮುಗಿಸುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಸೇರಿಸಿಕೊಳ್ಳುವಾಗ ಮಗುವಿಗೆ ಪ್ರವೇಶ ಪರೀಕ್ಷೆ, ತಂದೆತಾಯಿಗೆ ಸಂದರ್ಶನ ನಡೆಸುವಂತಿಲ್ಲ. ನಡೆಸಿದರೆ ಮೊದಲ ಸಲ 25,000 ರೂಪಾಯಿವರೆಗೆ, ಮತ್ತೆ ನಡೆಸಿದರೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಡೊನೇಷನ್ ತೆಗೆದುಕೊಂಡರೆ ತೆಗೆದುಕೊಂಡದ್ದರ ಹತ್ತು ಪಟ್ಟಿನವರೆಗೆ ದಂಡ. ಒಂದನೇ ತರಗತಿಗೆ ಸೀಟು ಹುಡುಕುತ್ತ ಗಂಡಹೆಂಡಿರು ಸಂದರ್ಶನಕ್ಕೆ ತಯಾರಾಗುವುದನ್ನು ಕಂಡಾಗ ಬೇಸರವಾಗುತ್ತದೆ. ಕಾನೂನು ಅವರ ಪರವಾಗಿದೆ, ಆದರೆ ಸೀಟು ತಪ್ಪೀತೆಂಬ ಭಯಕ್ಕೆ ಯಾರೂ ಬಾಯಿ ಬಿಡುವುದಿಲ್ಲ.

ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ 25ರ ಸೀಟಿನ ಬಗ್ಗೆ ಒಂದು ಮಾತು. ಕರ್ನಾಟಕ 2019ರಲ್ಲಿ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲವೆಂದಿತು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಬಹುತೇಕ ಊರುಗಳಲ್ಲಿ ಸರ್ಕಾರಿ ಶಾಲೆ ಹತ್ತಿರದಲ್ಲೇ ಇರುವುದರಿಂದ ಆ ದಾರಿ ಬಹಳ ಕಿರಿದಾಗಿದೆ. ತಿದ್ದುಪಡಿ ಸರಿಯೋ ತಪ್ಪೋ ಎಂಬ ವಾದ ನಡೆಯುತ್ತಲೇ ಇರಲಿ. ಸರ್ಕಾರಿ ಶಾಲೆ ಚೆನ್ನಾಗಿರಲೇಬೇಕೆಂದು ಕೇಳುವ ಕಾರಣ ಮಾತ್ರ ಈಗ ಮೊದಲಿಗಿಂತ ಗಟ್ಟಿಯಾಗಿದೆ.

ಕೇಳುವುದು ಎಲ್ಲಿ? ಈ ಲೇಖನ ಬರೆಯಲು ಕುಳಿತದ್ದೇ ಅದನ್ನು ಹೇಳಲು.

ನಿಮ್ಮೂರ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇದೆ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷರಾಗಿದ್ದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಕರ್ನಾಟಕ 2001ರಲ್ಲೇ ಇದನ್ನು ತಂದಿತು. ಅಂದರೆ ಶಿಕ್ಷಣ ಹಕ್ಕು ಕಾಯ್ದೆ ದೇಶದಾದ್ಯಂತ ಇಂಥ ಸಮಿತಿಗಳನ್ನು ಕಡ್ಡಾಯ ಮಾಡುವುದಕ್ಕೆ ಎಷ್ಟೋ ವರ್ಷ ಮೊದಲು. ಕಾಯ್ದೆಯ ಪ್ರಕಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಆ ಶಾಲೆಯ ಮಕ್ಕಳ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಹಾಗೂ ದುರ್ಬಲ ವರ್ಗದ ಪೋಷಕರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕ ಪಾಲು ಸಿಗಬೇಕು. ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಹಣ ಎಲ್ಲಿ ಹೋಯಿತೆಂದು ನೋಡುವುದು, ಮೂರೂ ಸಮಿತಿಯ ಕೆಲಸ.

ಹಳ್ಳಿಗಳಲ್ಲಿ ಈ ಸಮಿತಿಗಳ ಸಭೆಗೆ ಹೋಗಿ ಕೂತಾಗ ಎರಡು ಬಗೆಯ ಶಾಲೆಗಳು ಕಾಣಿಸುತ್ತವೆ. ಒಂದರಲ್ಲಿ ಸಮಿತಿ ಇರುವುದು ಸ್ವಾತಂತ್ರ್ಯೋತ್ಸವದ ಶಾಮಿಯಾನ ಹಾಕಿಸಲು ಮಾತ್ರ; ನಡಾವಳಿ ಪುಸ್ತಕ ಸದಸ್ಯರ ಮನೆಗೇ ಹೋಗಿ ಸಹಿ ಮಾಡಿಸಿಕೊಂಡು ಬರುತ್ತದೆ, ಹೆಂಡತಿ ಸದಸ್ಯೆಯಾದರೂ ಸಭೆಗೆ ಬರುವುದು ಗಂಡ. ಇನ್ನೊಂದರಲ್ಲಿ ಅಡುಗೆಕೋಣೆಯ ಬೇಳೆ ಡಬ್ಬಿ ತೆರೆದು ನೋಡುವ ತಾಯಿ ಇದ್ದಾಳೆ, ಮೂರನೇ ತರಗತಿಯ ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸಿ ನೋಡುವ ತಂದೆ ಇದ್ದಾನೆ. ಎರಡೂ ಶಾಲೆಗೆ ಬರುವ ಆದೇಶ ಒಂದೇ, ಅನುದಾನವೂ ಹೆಚ್ಚುಕಡಿಮೆ ಒಂದೇ. ಕಲಿಕೆಯಲ್ಲಿ ಮಾತ್ರ ಎರಡನೆಯದು ಮುಂದಿದೆ. ಸರ್ಕಾರದ ನೀತಿ ಎಷ್ಟೇ ಚೆನ್ನಾಗಿರಲಿ, ಕೇಳುವವರಿಲ್ಲದ ಕಡೆ ಅದು ಕಡತದಲ್ಲೇ ಉಳಿಯುತ್ತದೆ.

ಏನು ಕೇಳಬೇಕು? ಹಣದಿಂದ ಶುರುಮಾಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಅನುದಾನ ಬರುತ್ತದೆ. ಅದರ ಮಾನದಂಡ ಮಕ್ಕಳ ಸಂಖ್ಯೆ: 30ರವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲಿ ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಬಳಸಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ ಈ ವರ್ಷದ ಹಣ ಬಂತೇ, ಹೇಗೆ ಖರ್ಚಾಯಿತು ಎಂದು ಲೆಕ್ಕ ಕೇಳಿ. ಆಮೇಲೆ ಶಿಕ್ಷಕರ ವಿಷಯ. ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ವರ್ಷಕ್ಕೆ ಐದನೇ ತರಗತಿವರೆಗೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕು. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಎಳೆಯುವಂತಿಲ್ಲ. ಎಳೆದರೆ ಶಿಕ್ಷಕರ ಪರವಾಗಿ ದನಿಯೆತ್ತುವುದೂ ಪೋಷಕರ ಕೆಲಸವೇ. ಹಾಗೆಯೇ ಮಗುವಿನ ಹಾಜರಿ, ಕಲಿಕೆ, ಪ್ರಗತಿ ಮೂರನ್ನೂ ನಿಯಮಿತವಾಗಿ ಪೋಷಕರ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯ. ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡರೆ ಆ ಕರ್ತವ್ಯ ಮುಗಿಯುವುದಿಲ್ಲ.

ಬಿಸಿಯೂಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಎಷ್ಟೋ ಮಕ್ಕಳಿಗೆ ದಿನದ ಮೊದಲ ಗಟ್ಟಿ ಊಟ ಅದೇ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಬೇಯಿಸಿದ ಊಟ ಕೊಡಬೇಕೆಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು, ಈಚೆಗೆ ಮೊಟ್ಟೆಯೂ ಬಂದಿದೆ. ಕಿರಿಯ ಪ್ರಾಥಮಿಕದ ಮಗುವಿನ ತಟ್ಟೆಯಲ್ಲಿ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಇರಬೇಕೆಂದು ನಿಯಮ. ಅಕ್ಕಿ ಬಂದಿಲ್ಲ, ಗ್ಯಾಸ್ ಮುಗಿದಿದೆ ಎಂದು ಶಾಲೆಯ ದಿನ ಊಟ ತಪ್ಪಿದರೆ, 2015ರ ಬಿಸಿಯೂಟ ನಿಯಮಗಳ ಪ್ರಕಾರ ಮಗುವಿಗೆ ಮುಂದಿನ ತಿಂಗಳ 15ರೊಳಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು. ಇದು ಗೊತ್ತಿರುವ ಪೋಷಕರು ವಿರಳ. ವಾರಕ್ಕೊಬ್ಬ ತಾಯಿ ಸರದಿಯಂತೆ ಮಧ್ಯಾಹ್ನ ಶಾಲೆಗೆ ಹೋಗಿ ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣಲಿ. ಸಾರು ನೀರಾಗಿದೆಯೇ, ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿದ್ದಾರೆಯೇ ಎಂಬುದು ಯಾವ ತಪಾಸಣಾ ವರದಿಗಿಂತಲೂ ಬೇಗ ತಿಳಿಯುತ್ತದೆ.

ಮಾತು ದೊಡ್ಡವರದೇ ಆಗಬೇಕಿಲ್ಲ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್‌ನಲ್ಲಿ ಸೇರಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕೆಂದು ಅದರ 12ನೇ ವಿಧಿ ಹೇಳುತ್ತದೆ. ಕುಂದಾಪುರ ಸೀಮೆಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದವು. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಅಲ್ಲಿ ಕೇಳುವುದು ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ, ಶಾಲೆ ದಾರಿಯಲ್ಲಿರುವ ಮದ್ಯದ ಅಂಗಡಿಯ ತೆರವು, ಆಟದ ಮೈದಾನ, ಸಂಜೆಯ ಬಸ್ಸು. ನಿಮ್ಮ ಮಗು ಎದ್ದು ನಿಂತು ಕೇಳಿದರೆ ಕೈಹಿಡಿದು ಕೂರಿಸಬೇಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಂಡರೇ, ಮುಂದಿನ ಸಭೆಯಲ್ಲಿ ಉತ್ತರ ಕೊಟ್ಟರೇ ನೋಡಿ.

ಶಿಕ್ಷಣ ಹಕ್ಕು ಕಾಯ್ದೆಯ ದೊಡ್ಡ ಕೊರತೆಯನ್ನು ಮುಚ್ಚಿಡಲಾರೆ. ಅದು 14ಕ್ಕೆ ನಿಂತುಬಿಡುತ್ತದೆ. ಬಾಲಕಾರ್ಮಿಕ ಕಾಯ್ದೆಯೂ 2016ರ ತಿದ್ದುಪಡಿಯ ನಂತರ 14ರಿಂದ 18ರವರನ್ನು ಅಪಾಯಕಾರಿ ಕೆಲಸದಿಂದ ಮಾತ್ರ ದೂರವಿಡುತ್ತದೆ. ಹೀಗಾಗಿ ಎಂಟನೇ ತರಗತಿ ಮುಗಿಸಿದ ಹೆಣ್ಣುಮಗಳು, ಹೈಸ್ಕೂಲು ಪಕ್ಕದ ಊರಿನಲ್ಲಿದ್ದರೆ, ಕೈಜಾರುವುದು ಇಲ್ಲಿಯೇ. ಮುಂದಿನ ಮಾತು ಮದುವೆಯದು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಆದರೆ ಶಾಲೆ ಬಿಟ್ಟ ಮೇಲೆ ಆ ಹುಡುಗಿಯನ್ನು ವಿಚಾರಿಸುವವರು ಯಾರು? ಶಿಕ್ಷಣದ ಹಕ್ಕನ್ನು 18ರವರೆಗೆ ವಿಸ್ತರಿಸಬೇಕು ಎಂಬುದು ನನ್ನ ದೃಢವಾದ ನಿಲುವು. ಅಲ್ಲಿಯವರೆಗೆ ಹಾಸ್ಟೆಲ್, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಅರ್ಜಿಯ ದಿನಾಂಕ ತಪ್ಪಿಸಿಕೊಳ್ಳಬೇಡಿ.

ದೂರು ಕೊಡುವ ಸಂದರ್ಭ ಬಂದರೆ ಬಾಯಿಮಾತಿನಲ್ಲಿ ನಿಲ್ಲಿಸದೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಮೊದಲು ಮುಖ್ಯ ಶಿಕ್ಷಕರಿಗೆ, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ). ಶಿಕ್ಷಣ ಹಕ್ಕು ಕಾಯ್ದೆಯಡಿ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ ಈ ಸಾಲುಸಾಲು ಬೇಡ. ಪೋಕ್ಸೊ ಕಾಯ್ದೆಯಡಿ ವಿಷಯ ತಿಳಿದವರು ನೇರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯಲ್ಲೇ ರಾಜಿ ಮಾಡುವುದಕ್ಕೆ, ಒಳಗೊಳಗೇ ವಿಚಾರಣೆ ನಡೆಸಿ ಮುಗಿಸುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ, ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಯಾವುದೇ ಗಳಿಗೆಯಲ್ಲಿ 1098ಕ್ಕೆ ಕರೆ ಮಾಡಬಹುದು, ಅದು ಉಚಿತ.

ಈ ವರ್ಷ ನಿಮ್ಮ ಮಗುವಿನ ಶಾಲೆಯಲ್ಲಿ ಎಸ್‌ಡಿಎಂಸಿಯ ಅವಧಿ ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿ. ಆಯ್ಕೆಯ ಸಭೆಗೆ ಗಂಡಹೆಂಡತಿ ಇಬ್ಬರೂ ಹೋಗಿ, ನೆರೆಯ ಮನೆಯವರನ್ನೂ ಕರೆದುಕೊಂಡು ಹೋಗಿ. ಒಂದು ದಿನದ ಕೂಲಿ ತಪ್ಪುವ ಕಷ್ಟ ನನಗೆ ಗೊತ್ತು. ಸಭೆಯನ್ನು ಸಂಜೆ ಇಡಿ ಎಂದು ಕೇಳಿಕೊಳ್ಳಿ. ಆಯ್ಕೆಯಾದರೆ ಕೂತು ಬರಬೇಡಿ, ಕೇಳಿ ಬನ್ನಿ.